ಮಕ್ಕಳ ತಟ್ಟೆಯಲ್ಲಿ ಏನುಂಟು?

(ನಗರದ ಸ್ವಸಹಾಯ ಸಂಘಗಳ ಸದಸ್ಯೆಯರಿಗಾಗಿ ಏರ್ಪಡಿಸಿದ ಮಾಹಿತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಸಂಘದ ಸಭೆ ಎಂದ ಕೂಡಲೇ ನಮಗೆ ನೆನಪಾಗುವುದು ಉಳಿತಾಯ, ಸಾಲ, ಮರುಪಾವತಿ, ನಿರ್ಣಯ ಪುಸ್ತಕ. ಅವೆಲ್ಲ ಬೇಕಾದದ್ದೇ. ಆದರೆ ಇಂದು ನಾವು ಬೇರೊಂದು ಲೆಕ್ಕ ಮಾಡಲಿಕ್ಕೆ ಕುಳಿತಿದ್ದೇವೆ. ಒಂದನೇ ತರಗತಿಯಿಂದ ಐದನೇ ತರಗತಿಯವರೆಗೆ ಓದುವ ನಮ್ಮ ಮಕ್ಕಳು ಬೆಳಿಗ್ಗೆ ಎದ್ದಲ್ಲಿಂದ ರಾತ್ರಿ ಮಲಗುವ ತನಕ ಏನು ತಿನ್ನುತ್ತಾರೆ, ಏನು ಕುಡಿಯುತ್ತಾರೆ, ಯಾವಾಗ ಕೈ ತೊಳೆಯುತ್ತಾರೆ ಎಂಬ ಲೆಕ್ಕ. ಈ ಲೆಕ್ಕವನ್ನು ಯಾವ ಆಡಿಟರೂ ನೋಡುವುದಿಲ್ಲ. ನಾವೇ ನೋಡಬೇಕು.

'ಆಹಾರದ ಬಗ್ಗೆ ಶಾಲೆಯಲ್ಲಿ ಟೀಚರ್ ಕಲಿಸ್ತಾರಲ್ಲ ಸಿಸ್ಟರ್' ಎಂದು ನೀವು ಕೇಳಬಹುದು. ಹೌದು, ಪರಿಸರ ಅಧ್ಯಯನದ ಪುಸ್ತಕದಲ್ಲಿ ಪಾಠ ಉಂಟು. ಮಗು ಅದನ್ನು ಬಾಯಿಪಾಠ ಮಾಡಿ ಬರೆದು ಹತ್ತಕ್ಕೆ ಹತ್ತು ಅಂಕ ತರುತ್ತದೆ. ಮರುದಿನ ಒಂದು ಲೋಟ ಚಾ ಕುಡಿದು ಶಾಲೆಗೆ ಓಡುತ್ತದೆ. ಪುಸ್ತಕದ ಪಾಠ ತಟ್ಟೆಗೆ ಬರಬೇಕಾದರೆ ನಡುವೆ ತಾಯಿ ಇರಬೇಕು, ಅಜ್ಜಿ ಇರಬೇಕು, ನಮ್ಮಂಥ ಸಂಘ ಇರಬೇಕು.

ಅಂಕಿಅಂಶ ಏನು ಹೇಳುತ್ತದೆ?

ನಮ್ಮದು ಶಾಲೆ, ಕಾಲೇಜು, ಆಸ್ಪತ್ರೆಗಳಿಗೆ ಹೆಸರಾದ ಊರು. ಇಲ್ಲಿ ಎಂಥ ಅಪೌಷ್ಟಿಕತೆ ಎಂದು ತೋರಬಹುದು. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆ ಉಂಟು. ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದೇ ಮಕ್ಕಳು ನಾಳೆ ಒಂದನೇ ತರಗತಿಗೆ ಬರುವವರು. ತಾಯಂದಿರ ವಿಷಯವೂ ಹಾಗೆಯೇ. 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತ ಕಡಿಮೆ.

ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಬಗ್ಗೆ 2016ರಿಂದ 2018ರವರೆಗೆ ದೇಶದಾದ್ಯಂತ ಇನ್ನೊಂದು ಸಮಗ್ರ ಪೌಷ್ಟಿಕಾಂಶ ಸಮೀಕ್ಷೆ ನಡೆಯಿತು. ಐದರಿಂದ ಒಂಬತ್ತು ವರ್ಷದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಹತ್ತರಲ್ಲಿ ಒಂದು ಮಗುವಿನಲ್ಲಿ ಮುಂದೆ ಸಕ್ಕರೆ ಕಾಯಿಲೆ ಬರುವ ಸೂಚನೆಯೂ ಕಂಡಿತು. ನೋಡಿ, ಒಂದು ಕಡೆ ರಕ್ತ ಇಲ್ಲ, ಇನ್ನೊಂದು ಕಡೆ ಸಕ್ಕರೆ ಜಾಸ್ತಿ. ಹೊಟ್ಟೆ ತುಂಬಿದೆ, ಆದರೆ ಮೈಗೆ ಬೇಕಾದದ್ದು ಸಿಕ್ಕಿಲ್ಲ.

ಚಾ ಕುಡಿದು ಶಾಲೆಗೆ

ನಾವು ಮನೆ ಭೇಟಿ ಮಾಡುವ ಒಂದು ಬಡಾವಣೆಯಲ್ಲಿ ಮೂರನೇ ತರಗತಿಯ ಒಬ್ಬಳು ಹುಡುಗಿ ಇದ್ದಳು. ಹತ್ತೂವರೆಗೆಲ್ಲ ಬೆಂಚಿಗೆ ತಲೆಯಿಟ್ಟು ಮಲಗುತ್ತಿದ್ದಳು. 'ಮಂಕು ಹುಡುಗಿ, ಓದಿನಲ್ಲಿ ಹಿಂದೆ' ಎಂದು ಎಲ್ಲರೂ ಹೇಳುತ್ತಿದ್ದರು. ತಾಯಿ ಬೆಳಿಗ್ಗೆ ಆರೂವರೆಗೆ ಮನೆಕೆಲಸಕ್ಕೆ ಹೊರಡುವವರು. ಹುಡುಗಿಗೆ ಒಂದು ಲೋಟ ಕಣ್ಣ ಚಾ, ಎರಡು ರಸ್ಕು. ಮಧ್ಯಾಹ್ನ ಶಾಲೆಯಲ್ಲಿ ಬಿಸಿಯೂಟ ಇದ್ದರೂ ಗೆಳತಿಯರು ನಗುತ್ತಾರೆ ಎಂದು ತಟ್ಟೆ ಹಿಡಿಯುತ್ತಿರಲಿಲ್ಲ. ಅಂಗಡಿಯಿಂದ ಒಂದು ಪ್ಯಾಕೆಟು ತಿಂದು ನೀರು ಕುಡಿಯುತ್ತಿದ್ದಳು. ಹೊಟ್ಟೆಗೆ ಸರಿಯಾದ ಅನ್ನ ಬೀಳುತ್ತಿದ್ದುದು ರಾತ್ರಿ ಎಂಟು ಗಂಟೆಗೆ.

ಸಂಘದ ಅಕ್ಕಂದಿರು ತಾಯಿಯೊಡನೆ ಮಾತಾಡಿ ನಗರ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿದರು. ರಕ್ತ ತುಂಬ ಕಡಿಮೆ ಇತ್ತು. ಔಷಧಿ ಕೊಟ್ಟರು. ಆದರೆ ಔಷಧಿಯೊಂದೇ ಸಾಕಾಗುವುದಿಲ್ಲವಲ್ಲ? ಪಕ್ಕದ ಮನೆಯ ಇಬ್ಬರು ಸದಸ್ಯೆಯರು ಸರದಿಯಲ್ಲಿ ಬೆಳಿಗ್ಗೆ ತಮ್ಮ ಮಕ್ಕಳೊಡನೆ ಆ ಹುಡುಗಿಗೂ ಗಂಜಿ, ಹೆಸರುಕಾಳಿನ ಪಲ್ಯ ಅಥವಾ ದೋಸೆ ಕೊಡಲು ಒಪ್ಪಿದರು. ತಾಯಿ ವಾರಕ್ಕೊಮ್ಮೆ ಅಕ್ಕಿ, ಬೇಳೆ ಕೊಟ್ಟರು. ಹುಡುಗಿ ಬಿಸಿಯೂಟಕ್ಕೂ ಕುಳಿತಳು. ಮೂರ್ನಾಲ್ಕು ತಿಂಗಳಲ್ಲಿ ತರಗತಿಗೆ ಮೊದಲಿಗಳಾದಳು ಎಂದು ನಾವು ಹೇಳುವುದಿಲ್ಲ. ಆದರೆ ತರಗತಿಯಲ್ಲಿ ಮಲಗುವುದು ನಿಂತಿತು. ಓದಲಿಕ್ಕೆ ಶುರು ಮಾಡಿದಳು. ಅಷ್ಟು ದಿನ ಅವಳನ್ನು ಮಂಕು ಎಂದು ಕರೆದದ್ದು ಅವಳ ಹಸಿವನ್ನು.

ಆದ್ದರಿಂದ ಮೊದಲ ಪಾಠ ಇದು: ಮಗು ಬರಿಯ ಚಾ ಕುಡಿದು ಶಾಲೆಗೆ ಹೋಗಬಾರದು. ಚಾ ಆಹಾರವಲ್ಲ. ಊಟದ ಜೊತೆ ಚಾ ಕುಡಿದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಂಶವನ್ನು ಅದು ಮೈಗೆ ಸೇರಲು ಬಿಡುವುದಿಲ್ಲ. ಬದಲಿಗೆ ಊಟಕ್ಕೆ ಸ್ವಲ್ಪ ಲಿಂಬೆಹುಳಿ ಹಿಂಡಿದರೆ, ಒಂದು ನೆಲ್ಲಿಕಾಯಿ ಅಥವಾ ಪೇರಳೆ ಹಣ್ಣು ತಿಂದರೆ ಕಬ್ಬಿಣದಂಶ ಚೆನ್ನಾಗಿ ಸೇರುತ್ತದೆ. 'ಬೆಳಿಗ್ಗೆ ಸಮಯ ಇಲ್ಲ' ಎನ್ನುವವರಿಗೆ ರಾತ್ರಿಯ ಕುಚ್ಚಲಕ್ಕಿ ಗಂಜಿ ಉಂಟು. ಭತ್ತವನ್ನು ಬೇಯಿಸಿ ಒಣಗಿಸಿ ಅಕ್ಕಿ ಮಾಡುವಾಗ ಹೊರಪದರದ ಬಿ ಜೀವಸತ್ವ ಕಾಳಿನ ಒಳಗೆ ಹೋಗುತ್ತದೆ. ಆದ್ದರಿಂದ ನಮ್ಮ ಕುಚ್ಚಲಕ್ಕಿಯಲ್ಲಿ ಅದು ಬಿಳಿ ಬೆಳ್ತಿಗೆ ಅಕ್ಕಿಗಿಂತ ಹೆಚ್ಚು ಉಳಿಯುತ್ತದೆ. ಗಂಜಿಯ ತಿಳಿಯನ್ನು ಚೆಲ್ಲಬೇಡಿ, ಅದರಲ್ಲೂ ಸತ್ವ ಉಂಟು. ಗಂಜಿಗೆ ಬರೀ ಉಪ್ಪಿನಕಾಯಿ ಸಾಲದು. ಹೆಸರು, ಕಡಲೆ, ಅಲಸಂಡೆ, ಹುರುಳಿ ಯಾವುದಾದರೂ ಒಂದು ಕಾಳು ಜೊತೆಗಿರಲಿ.

ಮೂರು ಬಣ್ಣದ ತಟ್ಟೆ

ಆರೇಳು ವರ್ಷದ ಮಗುವಿಗೆ ಪ್ರೋಟೀನ್, ವಿಟಮಿನ್ ಎಂದರೆ ಅರ್ಥವಾಗುವುದಿಲ್ಲ. ಬಣ್ಣ ಅರ್ಥವಾಗುತ್ತದೆ. ನಾವು ಮಕ್ಕಳಿಗೆ ಹೀಗೆ ಹೇಳಿಕೊಡಬಹುದು.

ಬಿಳಿ: ಅನ್ನ, ದೋಸೆ, ಸೆಮಿಗೆ, ಗೆಣಸು. ಇವು ಓಡಲು, ಆಡಲು ಶಕ್ತಿ ಕೊಡುತ್ತವೆ.

ಹಳದಿ, ಕಂದು: ಬೇಳೆ, ಕಾಳು, ಮೊಟ್ಟೆ, ಮೀನು, ನೆಲಕಡಲೆ. ಇವು ಮೈ ಬೆಳೆಸುತ್ತವೆ. ಹಾಲಿನ ಬಣ್ಣ ಬಿಳಿಯಾದರೂ ಅದನ್ನು ಈ ಗುಂಪಿಗೇ ಸೇರಿಸಿ.

ಹಸಿರು, ಕೆಂಪು: ಬಸಳೆ, ಹರಿವೆ, ನುಗ್ಗೆಸೊಪ್ಪು, ತೊಂಡೆಕಾಯಿ, ಬಪ್ಪಂಗಾಯಿ, ಟೊಮೆಟೊ, ಕ್ಯಾರೆಟ್. ಇವು ಕಾಯಿಲೆ ಬಾರದಂತೆ ಕಾಯುತ್ತವೆ.

ಊಟಕ್ಕೆ ಕುಳಿತಾಗ 'ಇವತ್ತು ನಿನ್ನ ತಟ್ಟೆಯಲ್ಲಿ ಎಷ್ಟು ಬಣ್ಣ ಉಂಟು?' ಎಂದು ಕೇಳಿ. ಮಗು ಎಣಿಸುತ್ತದೆ. ಎರಡೇ ಇದ್ದರೆ 'ಅಮ್ಮಾ, ಹಸಿರು ಇಲ್ಲ' ಎಂದು ಅದೇ ಹೇಳುತ್ತದೆ. ಆಗ ನಾವೂ ಜಾರಿಕೊಳ್ಳುವ ಹಾಗಿಲ್ಲ!

ಮಕ್ಕಳು ಸೊಪ್ಪು ತಿನ್ನುವುದಿಲ್ಲ ಎಂಬ ದೂರು ಎಲ್ಲ ಕಡೆ ಉಂಟು. ಹೊಡೆದು, ಹೆದರಿಸಿ ತಿನ್ನಿಸಿದರೆ ಸೊಪ್ಪಿನ ಮೇಲೆ ದ್ವೇಷ ಬೆಳೆಯುತ್ತದೆ. ಅದಕ್ಕಿಂತ ಮಗುವಿನ ಕೈಯಿಂದಲೇ ಒಂದು ಬಸಳೆ ದಂಟು ನೆಡಿಸಿ. ಬಾಡಿಗೆ ಮನೆಯಾದರೆ ಹಳೆಯ ಅಕ್ಕಿ ಚೀಲದಲ್ಲಿ ಮಣ್ಣು ತುಂಬಿದರೂ ಸಾಕು. ತಾನು ನೀರು ಹಾಕಿ ಬೆಳೆಸಿದ ಬಸಳೆಯನ್ನು ಮಗು ಬೇಡ ಎನ್ನುವುದು ಕಡಿಮೆ. ನುಗ್ಗೆಸೊಪ್ಪನ್ನು ದೋಸೆ ಹಿಟ್ಟಿಗೆ ಸೇರಿಸಿ. ಒಂದು ಹೊಸ ತರಕಾರಿಯನ್ನು ಒಂದು ಸಲ ಬೇಡ ಎಂದರೆ ಬಿಟ್ಟುಬಿಡಬೇಡಿ. ಸ್ವಲ್ಪ ಸ್ವಲ್ಪವೇ ಎಂಟು ಹತ್ತು ಸಲ ಬಡಿಸಿದ ಮೇಲೆ ನಾಲಿಗೆಗೆ ಅಭ್ಯಾಸವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮಗುವಿನ ಎದುರು ನಾವೂ ಅದನ್ನು ತಿನ್ನಬೇಕು.

ಮೀನಿನ ವಿಷಯದಲ್ಲಿ ಕರಾವಳಿಯ ನಾವು ಭಾಗ್ಯವಂತರು. ಮಕ್ಕಳ ಬೆಳವಣಿಗೆಗೆ ದುಬಾರಿ ಅಂಜಲ್ ಬೇಕಾಗಿಲ್ಲ. ಬೂತಾಯಿ, ಬಂಗುಡೆ ಸಾಕು. ಬೂತಾಯಿಯಲ್ಲಿ ಮೆದುಳಿಗೂ ಕಣ್ಣಿಗೂ ಬೇಕಾದ ಒಳ್ಳೆಯ ಕೊಬ್ಬು ಧಾರಾಳ ಉಂಟು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವಾಗ ಮೀನಿನ ಬೆಲೆ ಏರುತ್ತದೆ. ಆಗ ಒಣಮೀನೊಂದನ್ನೇ ನಂಬುವುದು ಬೇಡ, ಅದರಲ್ಲಿ ಉಪ್ಪು ಜಾಸ್ತಿ. ಆ ಎರಡು ತಿಂಗಳು ಕಾಳು ಮತ್ತು ಮೊಟ್ಟೆ ಹೆಚ್ಚು ಬಳಸಿ.

ಹತ್ತು ರೂಪಾಯಿಯ ಪ್ಯಾಕೆಟು

ಈಗ ನಮ್ಮ ಸಂಘದ ಭಾಷೆಯಲ್ಲಿ ಒಂದು ಲೆಕ್ಕ. ದಿನಕ್ಕೆ ಒಂದು ಮಗುವಿಗೆ 10 ರೂಪಾಯಿಯ ಪ್ಯಾಕೆಟು. ಮನೆಯಲ್ಲಿ ಇಬ್ಬರು ಮಕ್ಕಳು. ತಿಂಗಳಿಗೆ 25 ದಿನ ಎಂದರೆ 500 ರೂಪಾಯಿ. ಹತ್ತು ತಿಂಗಳ ಶಾಲಾ ವರ್ಷಕ್ಕೆ 5,000 ರೂಪಾಯಿ. ಇಷ್ಟು ಸಾಲಕ್ಕೆ ನಾವು ಸಂಘದಲ್ಲಿ ಅರ್ಜಿ ಬರೆದು, ಜಾಮೀನು ಕೊಟ್ಟು, ಬಡ್ಡಿ ಕಟ್ಟುತ್ತೇವೆ. ಆದರೆ ಉಪ್ಪು, ಎಣ್ಣೆ, ಸಕ್ಕರೆಗೆ ಇಷ್ಟು ಹಣ ಹೋದದ್ದು ನಮ್ಮ ಗಮನಕ್ಕೇ ಬರುವುದಿಲ್ಲ. ಅದೇ ಹಣದಲ್ಲಿ ಮೊಟ್ಟೆ, ಬಾಳೆಹಣ್ಣು, ಬೆಲ್ಲ ಹಾಕಿದ ನೆಲಕಡಲೆ, ಅವಲಕ್ಕಿ ಬರುತ್ತದೆ.

ಮೂರನೇ, ನಾಲ್ಕನೇ ತರಗತಿಯ ಮಗುವಿಗೆ ಪ್ಯಾಕೆಟಿನ ಹಿಂಬದಿ ಓದಲು ಕಲಿಸಿ. ಅಲ್ಲಿ ಏನೇನು ಹಾಕಿದ್ದಾರೆ ಎಂದು ಬರೆದಿರುತ್ತದೆ. ಯಾವುದು ತೂಕದಲ್ಲಿ ಹೆಚ್ಚೋ ಅದರ ಹೆಸರು ಮೊದಲು ಬರಬೇಕು ಎಂಬುದು ನಿಯಮ. ಸಕ್ಕರೆಯ ಹೆಸರು ಒಂದನೆಯದೋ ಎರಡನೆಯದೋ ಆದರೆ ಅದು ತಿಂಡಿಯಲ್ಲ, ಮಿಠಾಯಿ ಎಂದು ಮಗುವೇ ಹೇಳುತ್ತದೆ. ತಯಾರಿಸಿದ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಲಿಕ್ಕೂ ಕಲಿಯಲಿ.

ಬಣ್ಣದ ತಂಪು ಪಾನೀಯಕ್ಕೆ ಒಂದು ಸುಲಭ ಪ್ರಯೋಗ ಉಂಟು. ಸಾಮಾನ್ಯವಾಗಿ 100 ಮಿ.ಲೀ. ಕೋಲಾದಲ್ಲಿ ಸುಮಾರು 10 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಗೆ ಲೆಕ್ಕ ಹಾಕಿದರೆ ಐದು ಸಣ್ಣ ಚಮಚ. ಮಕ್ಕಳ ಎದುರು ಒಂದು ಖಾಲಿ ಗ್ಲಾಸಿಗೆ ಐದು ಚಮಚ ಸಕ್ಕರೆ ಹಾಕಿ ತೋರಿಸಿ. 'ಅಬ್ಬಾ!' ಎನ್ನುತ್ತಾರೆ. ಹೊರಗಿನಿಂದ ಸೇರಿಸಿದ ಸಕ್ಕರೆ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಐದು ಭಾಗದೊಳಗೆ ಇದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಪ್ರಾಥಮಿಕ ಶಾಲೆಯ ಮಗುವಿಗೆ ಅದು ನಾಲ್ಕೈದು ಚಮಚ. ಅಂದರೆ ಒಂದು ಬಾಟಲಿಯಲ್ಲಿ ಇಡೀ ದಿನದ ಸಕ್ಕರೆ ಮುಗಿಯಿತು. ನಮ್ಮ ಪುನರ್ಪುಳಿ ಶರಬತ್ತು, ಮಜ್ಜಿಗೆ, ಎಳನೀರು ಇರುವಾಗ ಅದು ಯಾಕೆ? ಶರಬತ್ತಿಗೂ ಸಕ್ಕರೆ ಕಡಿಮೆ ಇರಲಿ.

ಜಾತ್ರೆ, ಸಾಂತ್‌ಮಾರಿ, ಉರೂಸ್ ಎಂದು ಮಕ್ಕಳೊಡನೆ ಹೋಗುವಾಗ ಬಣ್ಣದ ಬಗ್ಗೆ ಎಚ್ಚರ ಇರಲಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ಬಣ್ಣದ ಬಾಂಬೆ ಮಿಠಾಯಿಯನ್ನೂ ನಿಷೇಧಿಸಿತು. ಪರೀಕ್ಷೆಯಲ್ಲಿ ರೊಡಮೈನ್-ಬಿ ಎಂಬ ಬಣ್ಣ ಸಿಕ್ಕಿತ್ತು. ಅದು ಬಟ್ಟೆಗೆ ಹಾಕುವ ಬಣ್ಣ. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿ ಮಕ್ಕಳಿಗೆ ಮಾರಬಾರದೆಂದು 2020ರಲ್ಲೇ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ನಿಯಮ ಮಾಡಿದೆ. ಅಂಗಡಿಯವರೂ ನಮ್ಮವರೇ, ಜಗಳ ಬೇಡ. ಆದರೆ ಸಂಘದ ನಾಲ್ಕು ಮಂದಿ ಹೋಗಿ 'ಅಣ್ಣಾ, ಮಕ್ಕಳಿಗೆ ಬಾಳೆಹಣ್ಣು, ಕಡಲೆ ಇಡಿ, ನಾವೇ ತೆಗೊಳ್ತೇವೆ' ಎಂದು ಹೇಳಬಹುದಲ್ಲ?

ಕೈಯ ಪಾಠ

ಎಷ್ಟು ಒಳ್ಳೆಯ ಊಟ ಕೊಟ್ಟರೂ ಹೊಟ್ಟೆಯಲ್ಲಿ ಹುಳ ಇದ್ದರೆ ಅರ್ಧ ಪಾಲು ಹುಳಕ್ಕೆ. ಊಟಕ್ಕೆ ಮೊದಲು, ಶೌಚಾಲಯಕ್ಕೆ ಹೋಗಿ ಬಂದ ಮೇಲೆ, ಆಟ ಆಡಿ ಬಂದ ಮೇಲೆ ಸೋಪು ಹಾಕಿ 20 ಸೆಕೆಂಡ್ ಕೈ ತೊಳೆಯಬೇಕು. ಮಕ್ಕಳಿಗೆ 'ರೋಗಾಣು' ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ನಂಬುವುದಿಲ್ಲ. ಅವರ ಕೈಗೆ ಎರಡು ಹನಿ ತೆಂಗಿನೆಣ್ಣೆ, ಚಿಟಿಕೆ ಅರಸಿನ ಪುಡಿ ಹಚ್ಚಿ. ಬರೀ ನೀರಿನಲ್ಲಿ ತೊಳೆಯಲು ಹೇಳಿ. ಅರಸಿನ ಹೋಗುವುದಿಲ್ಲ. ಮತ್ತೆ ಸೋಪು ಹಾಕಿ ತೊಳೆಯಲಿ. ಎಲ್ಲಿ ಉಳಿದಿದೆ ನೋಡಿ: ಉಗುರಿನ ಸಂದು, ಬೆರಳ ಸಂದು, ಹೆಬ್ಬೆರಳು. ಈ ಪಾಠವನ್ನು ಅವರು ಮರೆಯುವುದಿಲ್ಲ.

ನಮ್ಮಲ್ಲಿ ಬೀಡಿ ಕಟ್ಟುವ ಅಕ್ಕಂದಿರು ತುಂಬ ಮಂದಿ ಇದ್ದೀರಿ. ಅದರಿಂದಲೇ ಎಷ್ಟೋ ಮಕ್ಕಳ ಫೀಸು ಕಟ್ಟಿದ್ದೀರಿ. ಆದರೆ ಹೊಗೆಸೊಪ್ಪು ಮುಟ್ಟಿದ ಕೈಯಿಂದ ತುತ್ತು ಕೊಡುವುದು, ಹಿಟ್ಟು ಕಲಸುವುದು ಬೇಡ. ಸೋಪು ಹಾಕಿ ತೊಳೆದ ಮೇಲೆಯೇ ಅಡುಗೆಗೆ ಕೈ ಹಾಕಿ. ಬೀಡಿಯ ಗೆರಸೆಯನ್ನು ಮಕ್ಕಳು ಊಟ ಮಾಡುವ, ಮಲಗುವ ಕೋಣೆಯಿಂದ ದೂರ ಇಡಿ. ಶಾಲೆ ಬಿಟ್ಟು ಬಂದ ಮಗುವನ್ನು ನೂಲು ಸುತ್ತಲು ಕೂರಿಸಬೇಡಿ. ಅದು ಆಡುವ ಹೊತ್ತು.

ಒಂದರಿಂದ 19 ವರ್ಷದವರೆಗಿನ ಮಕ್ಕಳಿಗೆ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಲ್ಬೆಂಡಜೋಲ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಚೀಪಿ ಜಗಿದು ತಿನ್ನುವ ಮಾತ್ರೆ. ಆ ದಿನ ಮಗುವನ್ನು ಶಾಲೆಗೆ ಕಳುಹಿಸದೆ ಇರಬೇಡಿ. ಐದರಿಂದ ಹತ್ತು ವರ್ಷದವರಿಗೆ ವಾರಕ್ಕೊಂದು ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆಯೂ ಉಂಟು. ಊಟವಾದ ಮೇಲೆ ತೆಗೆದುಕೊಳ್ಳಬೇಕು. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯಿಂದ. ಅಂಗಳಕ್ಕೆ, ಶೌಚಾಲಯಕ್ಕೆ ಹೋಗುವಾಗ ಕಾಲಿಗೆ ಚಪ್ಪಲಿ ಇರಲಿ. ಕೊಕ್ಕೆಹುಳ ಬರುವುದು ಪಾದದ ಮೂಲಕ. ಮಳೆಗಾಲದಲ್ಲಿ ನಳ್ಳಿ ನೀರಾಗಲಿ ಬಾವಿ ನೀರಾಗಲಿ ಕುದಿಸಿಯೇ ಬಾಟಲಿಗೆ ತುಂಬಿ. ಹಲ್ಲುಜ್ಜುವುದು ಬೆಳಿಗ್ಗೆ ಮಾತ್ರವಲ್ಲ, ರಾತ್ರಿ ಮಲಗುವ ಮೊದಲೂ ಬೇಕು.

ಶಾಲೆಯ ಊಟ ಧರ್ಮಕ್ಕೆ ಸಿಗುವುದಲ್ಲ

2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಮೊದಲು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಕ್ಷೀರಭಾಗ್ಯದ ಹಾಲು 2013ರ ಆಗಸ್ಟ್ 1ರಂದು ಶುರುವಾಯಿತು. 2024ರಲ್ಲಿ ವಾರಕ್ಕೆ ಮೂರು ದಿನ ಹಾಲಿಗೆ ರಾಗಿ ಮಿಶ್ರಣ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ಮೊಟ್ಟೆಯನ್ನು ವಾರಕ್ಕೆ ಆರು ದಿನಕ್ಕೆ ಏರಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು.

ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ನಿಯಮ ಉಂಟು. ಊಟದಲ್ಲಿ 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ಇರಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್. ಇದನ್ನು 'ಬಡವರ ಊಟ' ಎಂದು ಮಕ್ಕಳ ಎದುರು ಹೇಳಬೇಡಿ. ನಮ್ಮ ಬಾಯಿಂದ ಆ ಮಾತು ಬಂದರೆ ಮಗು ತಟ್ಟೆ ಹಿಡಿಯಲು ನಾಚುತ್ತದೆ. ನಮ್ಮ ತೆರಿಗೆಯ ಹಣ ಅದು, ಮಗುವಿನ ಹಕ್ಕು. ಯಾರು ಮೊಟ್ಟೆ ತಿನ್ನುತ್ತಾರೆ, ಯಾರು ಬಾಳೆಹಣ್ಣು ತಿನ್ನುತ್ತಾರೆ ಎಂದು ನೋಡಿ ನಗಬಾರದು ಎಂಬುದನ್ನೂ ಮಕ್ಕಳಿಗೆ ಕಲಿಸುವ. ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂರುವುದೇ ದೊಡ್ಡ ಪಾಠ.

ಹಕ್ಕಿನ ಜೊತೆ ಎಚ್ಚರವೂ ಬೇಕು. 2013ರ ಜುಲೈನಲ್ಲಿ ಬಿಹಾರದ ಒಂದು ಹಳ್ಳಿ ಶಾಲೆಯಲ್ಲಿ ಕೀಟನಾಶಕ ಬೆರೆತ ಊಟ ತಿಂದು 23 ಮಕ್ಕಳು ತೀರಿಹೋದರು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕೆಂಬ ನಿಯಮ ಸುಮ್ಮನೆ ಇರುವುದಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ನಮ್ಮ ಸದಸ್ಯೆಯರು ಇದ್ದೀರಿ. ತಿಂಗಳಿಗೊಮ್ಮೆ ಹೋಗಿ ಊಟ ರುಚಿ ನೋಡಿ, ಅಕ್ಕಿ, ಬೇಳೆ ಇಡುವ ಜಾಗ ನೋಡಿ, ಕೈ ತೊಳೆಯುವಲ್ಲಿ ಸೋಪು ಉಂಟಾ ನೋಡಿ. ತಪ್ಪು ಹುಡುಕಲಿಕ್ಕೆ ಬೇಡ. ಅಡುಗೆಯ ಅಕ್ಕಂದಿರೂ ನಮ್ಮಂತೆ ದುಡಿಯುವವರು. ಅವರಿಗೆ ಏನು ಕೊರತೆ ಎಂದು ಕೇಳಿ, ಅದನ್ನು ಸಮಿತಿಯ ಸಭೆಯಲ್ಲಿ ಹೇಳಿ.

ಹುಡುಗಿಯ ತಟ್ಟೆ

ಒಂದು ಕಹಿ ಮಾತು ಹೇಳಲೇಬೇಕು. ಎಷ್ಟೋ ಮನೆಗಳಲ್ಲಿ ಮೀನಿನ ನಡುತುಂಡು ಗಂಡಸರಿಗೆ, ಆಮೇಲೆ ಹುಡುಗನಿಗೆ. ಹುಡುಗಿಗೆ ಬಾಲ, ತಾಯಿಗೆ ಬರೀ ಸಾರು. ಇದನ್ನು ಯಾರೂ ಕಾನೂನು ಮಾಡಿದ್ದಲ್ಲ, ಬಡಿಸುವ ನಮ್ಮ ಕೈಯೇ ಹಾಗೆ ಮಾಡುತ್ತದೆ. ಇನ್ನು ನಾಲ್ಕೈದು ವರ್ಷದಲ್ಲಿ ಆ ಹುಡುಗಿ ಮುಟ್ಟಾಗುವವಳು, ಮುಂದೆ ತಾಯಿಯಾಗುವವಳು. ರಕ್ತ ಹೆಚ್ಚು ಬೇಕಾದವಳಿಗೇ ಪಾಲು ಕಡಿಮೆ! ಅಣ್ಣನಿಗೆ ಎಷ್ಟೋ ತಂಗಿಗೂ ಅಷ್ಟೇ ಎಂದು ಮಕ್ಕಳ ಕಣ್ಣೆದುರೇ ಸಮನಾಗಿ ಹಂಚಿ. ತಾಯಿಯೂ ಜೊತೆಗೆ ಕುಳಿತು ಉಣ್ಣಲಿ. ಇದನ್ನು ನೋಡಿ ಬೆಳೆದ ಹುಡುಗ ಮುಂದೆ ತನ್ನ ಮನೆಯಲ್ಲೂ ಹಾಗೆಯೇ ನಡೆದುಕೊಳ್ಳುತ್ತಾನೆ.

ಸಂಘದಲ್ಲಿ ಏನು ಮಾಡುವ?

ಕೇಳಿ ಮನೆಗೆ ಹೋದರೆ ಸಾಲದು. ಮುಂದಿನ ವಾರದ ಸಭೆಯಲ್ಲಿ ಈ ಐದು ವಿಷಯಗಳನ್ನು ಚರ್ಚಿಸಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ.

1. ನಮ್ಮ ಸಂಘದ ಯಾವ ಮಗುವೂ ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಶಾಲೆಗೆ ಹೋಗಬಾರದು. ಯಾರ ಮನೆಯಲ್ಲಿ ಕಷ್ಟವೋ ಅಲ್ಲಿಗೆ ನೆರೆಯವರು ನೆರವಾಗುವುದು.

2. ಪ್ರತಿ ಮನೆಯಲ್ಲಿ ಒಂದಾದರೂ ಬಸಳೆ ಅಥವಾ ಹರಿವೆ. ಜಾಗ ಇದ್ದಲ್ಲಿ ಒಂದು ನುಗ್ಗೆ, ಒಂದು ಬಪ್ಪಂಗಾಯಿ ಗಿಡ.

3. ಪ್ಯಾಕೆಟು ತಿಂಡಿಯನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸುವುದು. ಉಳಿದ ಹಣದ ಲೆಕ್ಕವನ್ನು ಮಗುವೇ ಒಂದು ಪುಸ್ತಕದಲ್ಲಿ ಬರೆಯಲಿ.

4. ಮೂರು ತಿಂಗಳಿಗೊಮ್ಮೆ ಮಕ್ಕಳ ಎತ್ತರ, ತೂಕ ನೋಡಿ ಬರೆದಿಡುವುದು. ತೂಕ ಏರದೆ ನಿಂತರೆ, ಮಗು ಬಿಳಿಚಿಕೊಂಡರೆ, ಬೇಗ ಸುಸ್ತಾದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯುವುದು.

5. ತಿಂಗಳಿಗೆ ಒಂದು ಆದಿತ್ಯವಾರ ಸಂಘದ ಎಲ್ಲ ಮಕ್ಕಳನ್ನು ಸೇರಿಸಿ ಅರಸಿನದ ಪ್ರಯೋಗ, ಸಕ್ಕರೆಯ ಪ್ರಯೋಗ, ಬಣ್ಣದ ತಟ್ಟೆಯ ಆಟ ಆಡಿಸುವುದು. ಕೊನೆಗೆ ಒಟ್ಟಿಗೆ ಗಂಜಿ ಊಟ.

ಇದಕ್ಕೆ ದೊಡ್ಡ ಅನುದಾನ ಬೇಡ, ಹೊರಗಿನಿಂದ ಯಾರೂ ಬರಬೇಕಾಗಿಲ್ಲ. ಹತ್ತು ಹದಿನೈದು ಮಂದಿ ಹೆಂಗಸರು ವಾರಕ್ಕೆ ಹತ್ತು, ಇಪ್ಪತ್ತು ರೂಪಾಯಿ ಕೂಡಿಸಿ ಮನೆ ಕಟ್ಟಿದ್ದನ್ನು, ಮಕ್ಕಳನ್ನು ಕಾಲೇಜಿಗೆ ಕಳುಹಿಸಿದ್ದನ್ನು ನಾವು ಇದೇ ಊರಿನಲ್ಲಿ ಕಂಡಿದ್ದೇವೆ. ಮಕ್ಕಳ ಮೈಯಲ್ಲಿ ಕೂಡಿಡುವ ಆರೋಗ್ಯವೂ ಅಂಥದೇ ಉಳಿತಾಯ. ಇದರಲ್ಲಿ ಒಂದು ವ್ಯತ್ಯಾಸ ಮಾತ್ರ ಉಂಟು: ಹಣದ ಕಂತು ಒಂದು ವಾರ ತಪ್ಪಿದರೆ ಮುಂದಿನ ವಾರ ಕಟ್ಟಬಹುದು. ಮಗು ಬೆಳೆಯುವ ವರ್ಷಗಳು ತಪ್ಪಿದರೆ ಆಮೇಲೆ ಕಟ್ಟಲಿಕ್ಕೆ ಆಗುವುದಿಲ್ಲ. ಆದ್ದರಿಂದ ಇವತ್ತೇ ಸಂಜೆ ಮನೆಗೆ ಹೋದ ಕೂಡಲೇ ಮಕ್ಕಳನ್ನು ಕೇಳಿ, ಬೆಳಿಗ್ಗೆಯಿಂದ ಏನೇನು ತಿಂದಿದ್ದಾರೆ ಎಂದು. ಉತ್ತರವನ್ನು ಮುಂದಿನ ಸಭೆಗೆ ತನ್ನಿ. ಅಲ್ಲಿಂದ ಶುರು ಮಾಡುವ.